ರಾಜನ ಹಿಂದಿನ ಸೀಟು

ನಾಟಕ ಮುಗಿದು ಹೊರಡಲಿದ್ದ ಶಾಲಾ ಬಸ್ಸಿನಲ್ಲೂ ರಾಜನ ಪಾತ್ರದ ಹುಡುಗ ದರ್ಬಾರು ಶುರುಮಾಡಿ, ನಡುವೆ ಮಾತು ಮರೆತು ನಿಂತ. ಹಿಂದಿನ ಸೀಟಿನ ಹುಡುಗಿ ಸಾಲನ್ನು ಪಿಸುಗುಟ್ಟಿದಳು. ಮೂರು ತಿಂಗಳಿಂದ ಪರದೆಯ ಮರೆಯಲ್ಲಿ ಅವಳ ಕೆಲಸ ಅದೇ. ಅವನು ತಿರುಗಿಯೂ ನೋಡದೆ ಅದನ್ನೇ ಗುಡುಗಿದ. ಬಸ್ಸೆಲ್ಲ ಚಪ್ಪಾಳೆ.

ಬಾಗಿಲ ಬಳಿಯಿಂದ ಮೇಷ್ಟರು ಕೇಳಿದರು, “ಮಾತು ಹೇಳಿಕೊಡ್ತಿದ್ದ ಆ ಹುಡುಗಿ ಹತ್ತಿದ್ಳೇನ್ರೋ?”

“ನಾವ್ಯಾರೂ ನೋಡ್ಲಿಲ್ಲ ಸಾರ್,” ಎಂದಳು ರಾಣಿಯ ಪಾತ್ರದವಳು.

ಹಿಂದಿನ ಸೀಟಿನ ಹುಡುಗಿ ಕೂಗಲೆಂದು ಬಾಯಿ ತೆರೆದರೆ ಹೊರಬಂದದ್ದು ಅದೇ ಪಿಸುದನಿ: “ಇದ್ದೀನಿ ಸಾರ್.”

ರಾಜನ ಕಿವಿಗೆ ಅಷ್ಟೇ ಸಾಕಾಯಿತು. ರೂಢಿಬಲದಿಂದ ಎದೆಯುಬ್ಬಿಸಿ ಗುಡುಗಿದ: “ಇದ್ದೀನಿ ಸಾರ್!”

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು.

“ನೀನಿರೋದು ಊರಿಗೇ ಗೊತ್ತು, ಕೂತ್ಕೊಳ್ಳಪ್ಪ ರಾಜ,” ಎನ್ನುತ್ತಾ ಮೇಷ್ಟರು ಅವಳನ್ನು ಹುಡುಕಲು ಕೆಳಗಿಳಿದರು.