ಉಡಿ ತುಂಬಿಸಿಕೊಳ್ಳುತ್ತೀರಾ?

"ಆ ಶಬ್ದ ಬರೀಬ್ಯಾಡ," ಎಂದರು ಅನ್ನಪೂರ್ಣಕ್ಕ. "ನಾಕ ಮಂದಿ ಓದತಾರ. ಚಂದ ಕಾಣೂದಿಲ್ಲ."

ಕಾಜಲ್ 'ವಿಧವೆ' ಎಂದು ಟೈಪ್ ಮಾಡಿದ್ದನ್ನು ಅಳಿಸಿದಳು. ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಮತ್ತ ಏನಂತ ಕೇಳ್ಲಿರಿ?"

ಗೋಕಾಕದ ಮಹಿಳಾ ಮಂಡಳದ ಅಧ್ಯಕ್ಷೆ ಅನ್ನಪೂರ್ಣಕ್ಕನಿಗೆ ಬೇಕಾಗಿದ್ದುದು ಇಷ್ಟೇ. ಶ್ರಾವಣದಲ್ಲಿ ಉಡಿ ತುಂಬುವಾಗ ಸಾಲಿನಲ್ಲಿ ಮುತ್ತೈದೆಯರು ಮಾತ್ರ ಕೂರಬೇಕು. ಹೋದ ವರ್ಷ ಮೂಡಲಗಿಯ ಲಕ್ಕವ್ವ, ಗಂಡ ಸತ್ತ ಮುದುಕಿ, ಎಲ್ಲರೊಡನೆ ಬಂದು ಕೂತುಬಿಟ್ಟಿದ್ದಳು. ಉಡಿ ಸಾಮಾನಿನ ತಾಟು ಅವಳ ಮುಂದೆ ಬಂದಾಗ ಯಾರೋ ರಟ್ಟೆ ಹಿಡಿದು ಎಬ್ಬಿಸಿದರು. ಆಗ ಕಾಜಲ್ ಒಳಕೋಣೆಯಲ್ಲಿ ತಾಟುಗಳಿಗೆ ಕೊಬ್ಬರಿ ಬಟ್ಟಲು ಜೋಡಿಸುತ್ತಿದ್ದಳು. ಅವಳ ಗಂಡ ಮಲ್ಲೇಶ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಳಗೇ ಇರು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹಿಂಗ ಕೇಳು," ಅನ್ನಪೂರ್ಣಕ್ಕ ಯೋಚಿಸಿ ಹೇಳಿದರು. "'ಉಡಿ ತುಂಬಿಸಿಕೊಳ್ಳುತ್ತೀರಾ?' ಕೆಳಗ ಹೌದು, ಇಲ್ಲ. ಅಷ್ಟ. ತಿಳದಾವ್ರು ತಿಳಕೊಂತಾರ."

"ಹಿಂಗ ಬರೀಲೇನ್ರಿ?"

"ಹಿಂಗ ಬರಿ. ಒಂದಕ್ಷರ ಬ್ಯಾರೆ ಮಾಡಬ್ಯಾಡ."

ಮಂಡಳದ ಆ್ಯಪ್ ಕಾಜಲ್ ಮಾಡಿದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ, ಅಂಕಲಗಿಯ ಸದಸ್ಯೆಯರ ವಿವರವೆಲ್ಲ ಕ್ಲೌಡ್‌ನ ಡೇಟಾಬೇಸ್‌ನಲ್ಲಿತ್ತು. ಯಾವ ಊರಿನ ಯಾರ ಮೊಬೈಲಿನಲ್ಲಿ ತೆರೆದರೂ ಆ್ಯಪ್ ಅಲ್ಲಿಂದ ಅವಳ ವಿವರ ಓದುತ್ತಿತ್ತು, ಅವಳು ಒತ್ತಿದ್ದನ್ನು ಅಲ್ಲಿಗೇ ಬರೆಯುತ್ತಿತ್ತು. ಒಬ್ಬಳ ವಿವರವನ್ನು ಇನ್ನೊಬ್ಬಳು ತಿದ್ದಲಾಗದು. ಅಧ್ಯಕ್ಷೆಗೂ ಓದುವುದಷ್ಟೇ. ಕಾಜಲ್ ಪ್ರಶ್ನೆ ಸೇರಿಸಿದಳು. ಒಂದಕ್ಷರ ಬೇರೆ ಮಾಡಲಿಲ್ಲ.

ಮರುದಿನ ಲಕ್ಕವ್ವನ ಫೋನು ಬಂತು.

"ಯವ್ವಾ, ಮೊಮ್ಮಗಳು ಪ್ರಶ್ನಾ ಓದಿ ಹೇಳಿದ್ಲು. ಅದು ನನಗ ಕೇಳಾಕತ್ತೈತೇನ?"

"ನಿಮಗ ಕೇಳಾಕತ್ತೈತ್ರಿ ಆಯಿ."

"ಹೋದ ವರ್ಷ ಯಾರೂ ಕೇಳ್ಲಿಲ್ಲ ನೋಡು. ಎಬ್ಬಿಸಿದ್ರು ಅಷ್ಟ." ಮುದುಕಿ ಮತ್ತೊಂದು ಕೇಳಿದಳು. "ಹೌದು ಅಂತ ಒತ್ತಿದ್ರ ಯಾರರ ಅಳಸತಾರೇನ?"

"ಅಳಸಾಕ ನನಗೊಬ್ಬಾಕಿಗಷ್ಟ ಬರತೈತ್ರಿ."

"ನೀ ಅಳಸತೀಯೇನ?"

"ಇಲ್ರಿ."

"ಹಂಗಾದ್ರ ತಡಿ, ಚಷ್ಮಾ ಹಾಕ್ಕೊಂಡು ನಾನ ಒತ್ತತೀನಿ."

ಪರದೆಯ ಮೇಲೆ ಲಕ್ಕವ್ವನ ಹೆಸರಿನ ಮುಂದೆ 'ಹೌದು' ಮೂಡಿತು. ಸಂಜೆಯೊಳಗೆ ಗಂಡ ಸತ್ತವರದೇ ಇನ್ನೆರಡು: ಹುಕ್ಕೇರಿಯಿಂದ ಒಂದು, ಅಂಕಲಗಿಯಿಂದ ಒಂದು. ಮುದುಕಿ ಊರೂರಿಗೆ ಫೋನು ಹಚ್ಚಿದ್ದಳೆಂದು ಕಾಣುತ್ತದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅನ್ನಪೂರ್ಣಕ್ಕ ಮೊಬೈಲು ಹಿಡಿದುಕೊಂಡೇ ಒಳಕೋಣೆಗೆ ಬಂದರು. ಹೊರಗೆ ಜಮಖಾನೆಯ ಮೇಲೆ ಹೆಂಗಸರು ಆಗಲೇ ಸಾಲಾಗಿ ಕೂರುತ್ತಿದ್ದರು.

"ಕಾಜಲ್, ಇದು ಕೆಟ್ಟೈತಿ ನೋಡು. ಎಲ್ಲಾರ್ದೂ ಹೌದು ತೋರಸಾಕತ್ತೈತಿ."

"ಕೆಟ್ಟಿಲ್ರಿ ಅಕ್ಕಾರ. ಅವರು ಬರದದ್ದನ್ನ ಓದಾಕತ್ತೈತಿ."

"ಆ ಲಕ್ಕವ್ವಂದೂ?"

"ಅವರೂ ಬರದಾರ್ರಿ."

"ಅಂಥಾವ್ರದೆಲ್ಲಾ ಇಲ್ಲ ಅಂತ ಮಾಡು. ಲಗೂ ಮಾಡು, ಮಂದಿ ಬಂತು."

ಕಾಜಲ್ ಕೊಬ್ಬರಿ ಬಟ್ಟಲನ್ನು ತಾಟಿನಲ್ಲಿಟ್ಟಳು. "ಮಾಡೂದಿಲ್ರಿ."

"ಮಾಡಾಕ ಬರೂದಿಲ್ಲೇನ?"

"ಬರತೈತ್ರಿ. ಮಾಡೂದಿಲ್ಲ. ನೀವ ಹೇಳಿದ ಪ್ರಶ್ನಾ ಕೇಳೀನಿ, ಅವರು ಉತ್ತರ ಕೊಟ್ಟಾರ."

ಅನ್ನಪೂರ್ಣಕ್ಕ ಅವಳನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನಿನ್ನ ಹೆಸರಿನ ಮುಂದಷ್ಟ ಖಾಲಿ ಐತಿ. ನೀನರ ತಿಳದಾಕಿ ಅಂತ ಸಮಾಧಾನ ಆಗಿತ್ತು ನನಗ."

ಕಾಜಲ್ ಕೈಯನ್ನು ಸೀರೆಗೆ ಒರೆಸಿಕೊಂಡಳು. ತನ್ನ ಮೊಬೈಲು ತೆಗೆದು ಒಂದು ಸಲ ಒತ್ತಿದಳು. ಅಧ್ಯಕ್ಷೆಯ ಕೈಯಲ್ಲಿದ್ದ ಪರದೆಯಲ್ಲಿ ಖಾಲಿ ಜಾಗ ತುಂಬಿತು. ಕಾಜಲ್ ಹೊರಗೆ ನಡೆದು, ಲಕ್ಕವ್ವನ ಬಾಜೂ ಜಾಗ ಮಾಡಿಕೊಂಡು ಕೂತಳು.

ತಾಟುಗಳು ಒಳಗೇ ಉಳಿದಿದ್ದವು. ಎತ್ತಿಕೊಡಲು ಈ ವರ್ಷ ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅನ್ನಪೂರ್ಣಕ್ಕ ತಾವೇ ಒಂದನ್ನು ಎತ್ತಿಕೊಂಡು ಬಂದರು. ಅಕ್ಕಿ, ರವಿಕೆಯ ಖಣ, ಉತ್ತತ್ತಿ, ಕೊಬ್ಬರಿ. ಒಬ್ಬೊಬ್ಬರ ಮುಂದೆ ಬಗ್ಗುತ್ತ ಬಂದವರು ಲಕ್ಕವ್ವನ ಮುಂದೆ ಬಗ್ಗದೆ ನಿಂತರು. ಯಾರ ರಟ್ಟೆಗೂ ಯಾರೂ ಕೈ ಹಾಕಲಿಲ್ಲ. ಮುದುಕಿ ಸೆರಗು ಒಡ್ಡಿಕೊಂಡೇ ಇದ್ದಳು. ಪಕ್ಕದಲ್ಲಿ ಕಾಜಲ್ ಕೂಡ ಒಡ್ಡಿದಳು.

"ಅಕ್ಕಾರ," ಎಂದಳು ಲಕ್ಕವ್ವ, "ಸೆರಗು ಹಿಡದು ಕೈ ನೋಯಾಕತ್ತಾವು. ಬಗ್ಗರಿ."