ಐಗಳ ಮಠ ಮುಚ್ಚಿಸಿದ್ದು

“ಈ ಮನೆ ಮುಂದೆ ಹಾಡಬ್ಯಾಡ್ರಲೇ ಮಕ್ಕಳಾ. ಎರಡರ ಮಗ್ಗಿ ದಾಟಾಕಾಗದೆ ಮಠದ ಗೋಡೆ ದಾಟಿದ ಭೂಪನ ಮನೆ ಇದು. ಇವನಿಗೆ ಚೌಪದ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ.”

ಹನುಮಂತಯ್ಯ ಐಗಳು ಹಾಗೆಂದಾಗ ಬಾಗೂರಿನ ಅರ್ಧ ಬೀದಿ ಅಲ್ಲಿತ್ತು. ಮಹಾನವಮಿ ಬಂತೆಂದರೆ ಐಗಳು ತಮ್ಮ ಜಗಲಿಯ ಕೂಲಿಮಠದಲ್ಲಿ ಓದು ಕಲಿಯುವ ಮಕ್ಕಳನ್ನು ಸಾಲುಗಟ್ಟಿಸಿ ಮನೆಮನೆಯ ಮುಂದೆ ಚೌಪದ ಹಾಡಿಸುವುದು, ಮನೆಯವರು ಮೊರದಲ್ಲಿ ಅಕ್ಕಿ, ಕೊಬ್ಬರಿ ನೀಡುವುದು ವಾಡಿಕೆ. ಮೊರ ತುಂಬಿ ತಂದಿದ್ದ ಏಕಾಂತಮ್ಮ ಹೊಸಿಲಲ್ಲೇ ನಿಂತಳು. ಅವಳ ಗಂಡ ಮೂಡಲಗಿರಿಯಪ್ಪ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆಂಗಿನಕಾಯಿ ಸುಲಿದು ಬಿಸಾಡುವ ಆಳು, ಕಿವಿಯವರೆಗೂ ಕೆಂಪಾದ. ಮಕ್ಕಳು ಕಿಸಕ್ಕೆಂದವು. ಅವನ ಕಾಲಿಗೆ ಆತುಕೊಂಡಿದ್ದ ಮಗ ಚಿಕ್ಕತಿಮ್ಮಪ್ಪನೂ ಕಿಸಕ್ಕೆಂದ. ಅಷ್ಟು ಸಾಕಾಯಿತು.

“ನನ್ನ ಮಗನ್ನ ಆ ಮುದುಕನ ಕೈಗೆ ಕೊಡಲ್ಲ,” ಎಂದು ಉಣ್ಣಲು ಕೂತಾಗ ಗುಡುಗಿದ. “ತೊಲೆಗೆ ಹಗ್ಗ ಕಟ್ಟಿ ಹುಡುಗ್ರನ್ನ ನೇತಾಕ್ತಾನೆ. ಅದುಕ್ಕೆ ಕೋದಂಡ ಅಂತ ರಾಮದೇವರ ಬಿಲ್ಲಿನ ಹೆಸರು ಬ್ಯಾರೆ. ನನ್ನ ಅಂಗೈ ಇನ್ನೂ ಮರೆತಿಲ್ಲ.”

“ಮತ್ತೆ ಹುಡುಗನ ಓದು?” ಎಂದಳು ಏಕಾಂತಮ್ಮ.

“ಸರ್ಕಾರ ಓದುಸ್ತೈತೆ.”

“ಸರ್ಕಾರಕ್ಕೆ ನಮ್ಮೂರು ಯಾವ ದಿಕ್ಕಿಗೈತೆ ಅಂತ ಗೊತ್ತೈತಾ?”

“ಕಂದಾಯಕ್ಕೆ ಬರುವಾಗ ಗೊತ್ತಿರಲ್ವಾ? ಹಂಗೇ ಇದುಕ್ಕೂ ಬರ್ತೈತೆ.”

ಸ್ಕೂಲ್ ಇನ್‌ಸ್ಪೆಕ್ಟರು ಹೊಸದುರ್ಗದಲ್ಲಿ ಬಿಡಾರ ಹೂಡಿದ್ದಾರೆಂದು ಸಂತೆಯಲ್ಲಿ ಸುದ್ದಿ ಸಿಕ್ಕಿದ್ದೇ ತಡ, ಮೂಡಲಗಿರಿಯಪ್ಪ ಅವರೆದುರು ಹೋಗಿ ನಿಂತ. ಸಿಟ್ಟಿಗೆ ಶಾಲೆ ಬೇಕೇ? ಮಾತು ತಾನಾಗಿ ಬಂತು.

“ಸ್ವಾಮಿ, ಈಚಲು ಮರ ಕೆತ್ತಾಕೆ ಸರ್ಕಾರದ ಅಪ್ಪಣೆ ಬೇಕು. ಹೆಂಡ ಮಾರಾಕೆ ಅಪ್ಪಣೆ ಬೇಕು. ಕುಡಿಯೋ ಗಂಡಸ್ರ ಮ್ಯಾಲೆ ನಿಮಗೆ ಇಷ್ಟು ಕಾಳಜಿ ಐತೆ. ಮಕ್ಕಳ ಕಿವಿ ಹಿಂಡಾಕೆ ಮಾತ್ರ ಯಾರ ಅಪ್ಪಣೆನೂ ಬ್ಯಾಡ್ವಾ? ಜಗಲಿ ಇದ್ದೋನೆಲ್ಲ ಮಠ ತೆಗೀತಾನೆ. ಒಂದೂ ಉಳಿಸಬ್ಯಾಡ್ರಿ. ಎಲ್ಲ ಮುಚ್ಚಿಸಿ ನೀವೇ ಕಲಿಸ್ರಿ.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರಿ ಶಾಲೆ ತೆರೆಯುತ್ತೇವೆಂದರೆ ಊರವರು ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಬಚ್ಚಿಡುತ್ತಿದ್ದ ಕಾಲದಲ್ಲಿ, ತಾನಾಗಿ ಬಂದು ಶಾಲೆ ಕೇಳಿದವನು ಇವನೊಬ್ಬನೇ. “ಆ ಹೆಂಡದ ಮಾತು ಬಹಳ ಚೆನ್ನಾಗಿದೆಯಪ್ಪ,” ಎಂದರು. “ಇನ್ನೊಂದು ಸಲ ಹೇಳು.”

ಇನ್ನೊಂದು ಸಲ ಹೇಳಿದ. ಊರಿಗೆ ಮರಳುವಾಗ ದಾರಿಯ ತೆಂಗಿನ ಮರಗಳಿಗೂ ಹೇಳುತ್ತಾ ಬಂದ.

ದೀಪಾವಳಿ ಕಳೆದ ಮೇಲೆ ಇನ್‌ಸ್ಪೆಕ್ಟರು ಕುದುರೆಯೇರಿ ಬಾಗೂರಿಗೆ ಬಂದರು. ಚಾವಡಿಯಲ್ಲಿ ಊರು ಸೇರಿತು. “ಇಂದಿನಿಂದ ಈ ಊರಲ್ಲಿ ಖಾಸಗಿ ಮಠ ಕೂಡದು. ಸರ್ಕಾರಿ ಶಾಲೆ ಒಂದೇ. ಪ್ರತಿ ಮನೆಯ ಹುಡುಗನೂ ಬರಲೇಬೇಕು,” ಎಂದು ಅಪ್ಪಣೆ ಓದಿದರು. ಐಗಳ ಮುಖ ಸುಟ್ಟ ಬದನೆಕಾಯಾಯಿತು. ಮೂಡಲಗಿರಿಯಪ್ಪ ಮುಂದಿನ ಸಾಲಿನಲ್ಲಿ ಕೂತು ಮೀಸೆ ತಿರುವಿದ.

“ಶಾಲೆ ಎಲ್ಲೈತೆ ಸ್ವಾಮಿ?” ಎಂದರು ಪಟೇಲ ಮುರುಗೇಶಪ್ಪನವರು.

“ಕಟ್ಟಡ ಮಂಜೂರಾಗುವ ತನಕ ಐಗಳ ಜಗಲಿಯಲ್ಲೇ ನಡೆಯಲಿ.”

“ಮೇಷ್ಟ್ರು?”

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. “ಊರಲ್ಲಿ ಓದುಬರಹ ಬಲ್ಲವರು ಯಾರಿದ್ದಾರೆ?”

ಚಾವಡಿಯ ಬೆರಳುಗಳೆಲ್ಲ ಐಗಳ ಕಡೆ ತಿರುಗಿದವು. ಎಲ್ಲಿ ತಮ್ಮ ತಲೆಗೆ ಬಂದೀತೋ ಎಂದು ಶಾನುಭೋಗರ ಬೆರಳು ಎಲ್ಲರಿಗಿಂತ ಮೊದಲೇ ತಿರುಗಿತ್ತು.

“ಬೆಂಗಳೂರಿಂದ ಕಳಿಸ್ರಿ ಸ್ವಾಮಿ, ಕೋಟು ಹಾಕ್ಕಂಡಿರೋರ್ನ,” ಎಂದು ಮೂಡಲಗಿರಿಯಪ್ಪ ಎದ್ದು ನಿಂತ.

“ಈ ಸಂಬಳಕ್ಕೆ ಬೆಂಗಳೂರಿನ ನಾಯಿಯೂ ಇತ್ತ ತಿರುಗಿ ನೋಡುವುದಿಲ್ಲವಯ್ಯ.”

“ಹಂಗಾದ್ರೆ ನನ್ನ ಮಗನ್ನ ಅವನ ಸೋದರಮಾವನ ಊರಾಗೆ ಬಿಡ್ತೀನಿ. ಅಲ್ಲೊಂದು ಮಠ ಐತೆ. ಅಲ್ಲಿ ಐಗಳು ಹುಡುಗ್ರ ಮೈ ಮುಟ್ಟಲ್ಲ.”

“ಅದನ್ನು ಮೊನ್ನೆಯೇ ಮುಚ್ಚಿಸಿದೆ.” ಇನ್‌ಸ್ಪೆಕ್ಟರ ಮುಖದಲ್ಲಿ ನಿಜವಾದ ಅಭಿಮಾನವಿತ್ತು. “ಸುತ್ತಲಿನ ಅಷ್ಟೂ ಮಠ ಮುಚ್ಚಿದವು. ನಿನ್ನ ಹೆಂಡದ ಮಾತು ಅಂದರೆ ಮಾತು ಕಣಯ್ಯ, ಹೋದಲ್ಲೆಲ್ಲ ಅದನ್ನೇ ಹೇಳಿದೆ. ಆ ಊರಿನ ಹುಡುಗರೂ ನಾಳೆಯಿಂದ ಇಲ್ಲಿಗೇ ಬರುತ್ತಾರೆ.”

ಚಾವಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದವರು ಇಬ್ಬರೇ. ಒಬ್ಬ ಮೂಡಲಗಿರಿಯಪ್ಪ. ಇನ್ನೊಬ್ಬರು ಐಗಳು.

ಕುದುರೆ ಊರಾಚೆ ಹೋದ ಮೇಲೆ ಐಗಳು ಅವನ ಹತ್ತಿರ ಬಂದರು. ಹುಟ್ಟಿದಾಗಿನಿಂದ ಮೊರದ ಅಕ್ಕಿಯಲ್ಲೇ ಬದುಕಿದ ಮುದುಕ; ಸಂಬಳ ಎಂಬುದು ಅವರ ಪಾಲಿಗೆ ಬಂದದ್ದು ಇದೇ ಮೊದಲು. ದನಿಯಲ್ಲಿ ಕೊಂಕು ಇರಲಿಲ್ಲ. ಜನ ಮಾತ್ರ ಸುತ್ತುಗಟ್ಟಿ ನಿಂತರು, ಇನ್ನೊಂದು ಜಗಳ ಸಿಕ್ಕೀತೆಂದು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡಪ್ಪ,” ಎಂದರು. “ಇಷ್ಟು ದಿನ ನಾನು ಹೆಚ್ಚಿಗೆ ಹೊಡೆದ್ರೆ ನೀವು ಅಕ್ಕಿ ನಿಲ್ಲಿಸ್ತಿದ್ರಿ. ಹುಡುಗನ್ನ ಬಿಡಿಸ್ಕಂಡು ಬ್ಯಾರೆ ಮಠಕ್ಕೆ ಹಾಕ್ತಿದ್ರಿ. ಆ ಹೆದರಿಕೆಗೆ ಎಷ್ಟೋ ಸಲ ಎತ್ತಿದ ಕೋಲು ಇಳಿಸೀನಿ. ಈಗ ನಾನೇ ಸರ್ಕಾರ ಆಗೀನಿ. ನಾಳೆ ನಿನ್ನ ಮಗ ನನ್ನ ಮುಂದೆ ಕುಂತಾಗ ನನ್ನ ಕೋಲು ಇಳಿಸೋರು ಯಾರು, ನೀನೇ ಹೇಳು.”

ಸುತ್ತ ನಿಂತವರೆಲ್ಲ ಮೂಡಲಗಿರಿಯಪ್ಪನ ಬಾಯಿ ನೋಡಿದರು. ಅವನು ವಲ್ಲಿ ಕೊಡವಿ ಹೆಗಲಿಗೆಸೆದು, ಮನೆಯ ದಾರಿ ಬಿಟ್ಟು ತೋಟದ ದಾರಿ ಹಿಡಿದ.