ಬೆರಳಿಗೆ ಕೀಲು

ಹೆಂಡತಿ ಮೆಟ್ಟಿಲಿಂದ ಜಾರಿ ಬಿದ್ದು ಸತ್ತಾಗ ತಾನು ಅಂಗಡಿಯಲ್ಲಿದ್ದೆ ಎಂದು ಅವನು ಪೊಲೀಸರಿಗೆ ಹೇಳಿದ್ದ. ಅವಳು ಬಿದ್ದ ಬಗೆಯನ್ನು ಕೋರ್ಟಿನಲ್ಲಿ ತೋರಿಸಲು ಅವನ ವಕೀಲರು ಅನಿಮೇಷನ್ ಮಾಡಿಸುತ್ತಿದ್ದರು.

ಸ್ಟುಡಿಯೋದ ಹುಡುಗಿ ಕಂಪ್ಯೂಟರಿನಲ್ಲಿ ಮೆಟ್ಟಿಲು, ಕಬ್ಬಿಣದ ಕಂಬಿ, ನೀರಿನ ಬಕೆಟ್ಟು ಎಲ್ಲವನ್ನೂ ಮಾಡಿದ್ದಳು. ಹೆಂಗಸಿನ ಆಕೃತಿಗೆ ಕೈಕಾಲು ಮಡಚುವಂತೆ ಕೀಲು ಕೂಡಿಸಿ, ಮೇಲಿನ ಮೆಟ್ಟಿಲಿಂದ ಬೀಳಿಸಿ ಅವನಿಗೆ ತೋರಿಸಿದಳು.

“ಬೆರಳು ಯಾಕೆ ಹಂಗೆ ನೆಟ್ಟಗಿವೆ?”

“ದೂರದಿಂದ ಕಾಣಲ್ಲ ಅಂತ ಬೆರಳಿಗೆ ಕೀಲು ಹಾಕಿಲ್ಲ ಸರ್.”

“ಹಾಕಿ. ಬಲಗೈ ಮುಷ್ಟಿ ಬಿಗಿಯಾಗಿರ್ಬೇಕು.”

“ಕಂಬಿ ಹಿಡ್ಕೊಂಡಿದ್ರಾ ಅವ್ರು?”

ಅವನು ಪರದೆಯ ಮೇಲಿನ ಆ ಕೈಯನ್ನೇ ನೋಡುತ್ತಿದ್ದ.

“ಕಂಬಿ ಅಲ್ಲ, ನನ್ನ ಅಂಗಿ. ಒಂದೊಂದೇ ಬೆರಳು ಬಿಡಿಸ್ಬೇಕಾಯ್ತು.”